ಕೆರೆಯ ಕೊನೆಯ ನೀರು

ಸಿಂಧಘಟ್ಟದ ಬಳಿಯ ನಮ್ಮೂರ ಕೆರೆಗೆ ಒಬ್ಬ ಹಿರಿಯರು ನೀರುಗಂಟಿ; ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ತೂಬು ತೆರೆಯುವ ಮೊದಲು ನೀರು ಮುಟ್ಟಿ ಬೆರಳನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಮೀನಿಗೂ ಹಕ್ಕಿಗೂ ಕೊನೆಯ ನೀರು ಉಳಿಯಲೆಂದು, ನೀರು ಇಳಿದು ಕೆರೆಯೊಳಗಿನ ಗುರುತಿನ ಕಲ್ಲು ಕಂಡ ಮೇಲೆ ತೂಬು ತೆರೆಯಬಾರದೆಂದು ರೈತರೂ ಮೀನು ಹಿಡಿಯುವವರೂ ಕೂತು ಒಪ್ಪಿಕೊಂಡಿದ್ದರು. ಯಾರಾದರೂ ಗೊಣಗಿದರೆ ನೀರುಗಂಟಿ, “ಮೀನ್ಗೂ ಪಾಲೈತೆ ಕಣ್ಲಾ” ಎನ್ನುತ್ತಿದ್ದರು.

ಒಂದು ಬೇಸಿಗೆ, ಭತ್ತದ ಕಾಳಿಗೆ ಹಾಲು ತುಂಬುವಾಗಲೇ ಕಲ್ಲು ಕಂಡಿತು. ಅವರ ತಮ್ಮ ಏರಿಯ ಮೇಲೆ ಓಡಿಬಂದ.

“ಒಂದೇ ಒಂದು ನೀರು ಬುಡಣ್ಣ. ನಿನ್ ಗದ್ದೆನೂ ಒಣಗ್ತಾ ಐತೆ, ಕಣ್ ಕಾಣಾಕಿಲ್ವಾ?”

“ಕಾಣ್ತೈತೆ ಕಣ್ಲಾ. ಕಲ್ಲೂ ಕಾಣ್ತೈತೆ.”

ಕೆಲವು ದಿನಗಳ ನಂತರ ನಾನು ಗದ್ದೆಗಳ ದಾರಿಯಲ್ಲಿ ಹೋದಾಗ, ಅವರು ತಮ್ಮದೇ ಗದ್ದೆಯ ಜೊಳ್ಳು ಭತ್ತವನ್ನು ಕೊಯ್ದು ಹಸುವಿಗೆ ಹಾಕುತ್ತಿದ್ದರು. ನಾನು ಬದುವಿನ ಮೇಲೆ ನಿಂತೆ.

“ಇದ್ಕೂ ಪಾಲೈತೆ ಕಣವ್ವ” ಎಂದು ಹಸುವಿನ ಬೆನ್ನು ತಟ್ಟಿದರು.