ಕಣ್ಣು ಮುಚ್ಚದ ತಾತ

ಚಾಂಪಿಯನ್ ರೀಫ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ತಾತ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ, ಕರೆಂಟು ಹೋದರೆ ಹೆಲ್ಮೆಟ್ಟಿನ ದೀಪ ಹುಡುಕಿಕೊಂಡು ಅವರ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು. ನಮ್ಮ ಮನೆಯ ಫ್ಯೂಸು ಹೋಗಲಿ, ನಲ್ಲಿ ಕೆಡಲಿ, ಅವರದು ಒಂದೇ ಮಾತು: “ನಾನಿದೀನಲ್ಲ, ಬುಡು.”

ತಾತನ ಹೆಂಡತಿ ಅಜ್ಜಿಗೆ ರಾತ್ರಿ ನಿದ್ದೆ ಬರುವುದಿಲ್ಲವೆಂದು ಇಬ್ಬರೂ ನನ್ನ ಜೊತೆ ಆಂಡರ್ಸನ್‌ಪೇಟೆಯ ಧ್ಯಾನದ ಕ್ಲಾಸಿಗೆ ಬರುತ್ತಿದ್ದರು. ಧ್ಯಾನ ಮಾಡಿದರೆ ಗಂಡಸರ ಮಿದುಳಿಗೂ ಹೆಂಗಸರ ಮಿದುಳಿಗೂ ಒಂದೇ ಥರ ಆಗುವುದಿಲ್ಲವಂತೆ ಎಂದು ಟೀಚರಮ್ಮ ಒಂದು ಸಂಜೆ ಹೇಳಿದರು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿದೆವು. ತಾತ ಮಾತ್ರ ಮುಚ್ಚಲಿಲ್ಲ.

“ಯಾಕೆ ತಾತ?” ಎಂದರು ಟೀಚರಮ್ಮ.

“ನೀವೇಳಿದ್ದು ದಿಟ ಕಣಮ್ಮ. ನಂಗೆ ಕತ್ಲು ನೋಡಿ ನೋಡಿ ಸಾಕಾಗೋಗೈತೆ. ಇವಳಿಗೆ ಕಣ್ಣು ಮುಚ್ಚಾಕೆ ಈಗ ಪುರುಸೊತ್ತು ಸಿಕ್ಕೈತೆ. ನಾನು ನೈಟ್ ಶಿಫ್ಟಿಗೆ ಹೋದ್ರೆ, ಬರೋಗಂಟ ಬಾಗ್ಲಾಗೇ ಕುಂತಿರೋಳು.”

ಅಷ್ಟರಲ್ಲಿ ಅಜ್ಜಿಯ ತಲೆ ತಾತನ ಭುಜಕ್ಕೆ ವಾಲಿತು. ಸಣ್ಣಗೆ ಗೊರಕೆ ಕೇಳಿಸಿತು. ಯಾರೋ ನಕ್ಕರು. ಎಬ್ಬಿಸಲು ಹೋದ ಟೀಚರಮ್ಮನನ್ನು ತಾತ ಕೈಸನ್ನೆಯಲ್ಲೇ ತಡೆದರು.

ಕ್ಲಾಸು ಮುಗಿದು ನಾವೆಲ್ಲ ಚಾಪೆ ಸುತ್ತಿದರೂ ತಾತ ಅಲ್ಲಾಡಲಿಲ್ಲ. ಆ ಸದ್ದಿಗೆ ಅಜ್ಜಿ ಅರೆಗಣ್ಣು ತೆರೆದು, ನಿದ್ದೆಗಣ್ಣಿನಲ್ಲೇ ಕೇಳಿದರು: “ಬಂದ್ರಾ?”

ತಾತನ ಕೈ ಹಣೆಗೆ ಹೋಯಿತು. ಹೆಲ್ಮೆಟ್ಟು ತೆಗೆದಿಡುವವರ ಹಾಗೆ ತಲೆ ಸವರಿಕೊಂಡು, “ಬಂದೆ ಕಣೇ, ಮಲಕ್ಕೋ” ಎಂದರು.