ಸೆಲೋಟೇಪ್ ಇಲ್ಲದ ಮನೆ

ನಮ್ಮ ಮನೆಯಲ್ಲಿ ಸೆಲೋಟೇಪ್ ಇಲ್ಲ. ಬಸವೇಶ್ವರನಗರದ ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಒಂದು ಸುರುಳಿಯೂ ಹೊಸಿಲು ದಾಟಿ ಒಳಗೆ ಬಂದಿಲ್ಲ. ಉಡುಗೊರೆ ಕಟ್ಟಬೇಕಾದರೆ ದಾರ ಸುತ್ತುತ್ತೇನೆ, ಲಕೋಟೆ ಅಂಟಿಸಲು ಅನ್ನದ ಅಗುಳಿದೆ. ಇದನ್ನು ಕಂಡವರು ಮುದುಕಿಗೆ ಮಡಿಯ ಹುಚ್ಚು ಎಂದುಕೊಳ್ಳುತ್ತಾರೆ. ಹುಚ್ಚೇನೋ ನಿಜ, ಆದರೆ ಮಡಿಯದಲ್ಲ, ಸಿಟ್ಟಿನದು.

ಮೊನ್ನೆ ನಮ್ಮಕ್ಕನ ಮೊಮ್ಮಗಳು ಮಾನ್ಯ ರಜೆಗೆಂದು ಬಂದಳು. ಈಗಷ್ಟೇ ಹೈಸ್ಕೂಲು. ಬಂದವಳೇ ಬ್ಯಾಗಿನಿಂದ ಒಂದು ಪೋಸ್ಟರ್ ತೆಗೆದು ಮಂಚದ ಮೇಲೆ ಹರಡಿದಳು. ಅದರ ತುಂಬ ಕೊರಿಯಾದ ಹುಡುಗರು, ಒಬ್ಬೊಬ್ಬನ ಕೂದಲು ಒಂದೊಂದು ಬಣ್ಣ.

"ಚಿಕ್ಕಜ್ಜಿ, ಸೆಲೋಟೇಪ್ ಎಲ್ಲಿದೆ?"

"ಇಲ್ಲ ಕಣೇ."

"ಸೆಲೋಟೇಪ್ ಇಲ್ದೇ ಇರೋ ಮನೆನೂ ಇರತ್ತಾ?" ಎಂದು ಕೇಳಿ, ಆಮೇಲೆ ನನಗೆ ಬೇಸರವಾಗಿರಬಹುದೆಂದು ಪೋಸ್ಟರಿನ ಕಡೆ ಕೈ ತೋರಿಸಿ ಹೇಳಿದಳು. "ಇವ್ರು ಕೊರಿಯನ್ ಸಿಂಗರ್ಸ್. ನಿಮ್ಗೆ ಗೊತ್ತಾಗಲ್ಲ ಬಿಡಿ."

ನನಗೆ ಗೊತ್ತಾಗುವುದಿಲ್ಲವಂತೆ. ಒಲೆಯ ಮೇಲೆ ಮರೆತ ಹಾಲಿನ ಹಾಗೆ ಸಿಟ್ಟು ಉಕ್ಕಿ ಬಂತು. ಪಾಪ, ಆ ಮಗುವಿನ ಮೇಲಲ್ಲ. ಯಾರ ಮೇಲೆ ಎಂದು ಹೇಳುತ್ತೇನೆ, ನೀವೂ ಕೂತುಕೊಳ್ಳಿ. ಇಂಥದ್ದನ್ನು ನಿಂತು ಕೇಳಿದರೆ ನಿಮ್ಮ ಕಾಲೂ ನೋಯುತ್ತದೆ, ನನ್ನ ಮಾತೂ ಅವಸರವಾಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ರಾಜಾಜಿನಗರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕಾಲೇಜಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೆ ಪುಕ್ಕಟೆ ಪ್ರಚಾರ. ಅಲ್ಲೊಂದು 'ಕಾಲೇಜು ರೇಡಿಯೋ' ಇತ್ತು. ರೇಡಿಯೋ ಎಂದರೆ ಗೋಪುರ, ಪರವಾನಗಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಆಫೀಸಿನ ಪಕ್ಕದ ಕೋಣೆಯಲ್ಲಿ ಒಂದು ಆಂಪ್ಲಿಫೈಯರ್, ಒಂದು ಟೇಪ್ ರೆಕಾರ್ಡರ್. ಅಲ್ಲಿಂದ ವೈರು ಎಳೆದು ಕ್ಯಾಂಟೀನಿಗೊಂದು, ಕಾರಿಡಾರಿಗೊಂದು, ಸೈಕಲ್ ಸ್ಟ್ಯಾಂಡಿನ ಹೊಂಗೆ ಮರಕ್ಕೊಂದು ಸ್ಪೀಕರು. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಹಾಡು. ಎಲ್ಲ ದಿನವೂ ಹುಡುಗರದೇ ಕಾರುಬಾರು. ಹಿಂದಿ ಸಿನಿಮಾ ಹಾಡು, ಅದಕ್ಕೆ ಇಂಗ್ಲಿಷಿನಲ್ಲಿ ನಿರೂಪಣೆ. ಗುರುವಾರ ಮಾತ್ರ ಆ ಹುಡುಗರಿಗೆ ಲ್ಯಾಬ್ ಇದ್ದುದರಿಂದ ಯಾರಿಗೂ ಬೇಡವಾಗಿತ್ತು. ಆ ಗುರುವಾರ ನನ್ನ ಪಾಲಿಗೆ ಬಂತು, ನಾನು ಜಪಾನ್ ಮತ್ತು ಕೊರಿಯಾದ ಹಾಡು ಹಾಕುತ್ತೇನೆ ಎಂದೆ.

ಯಾಕೆ ಎಂದು ಆಗಲೂ ಎಲ್ಲರೂ ಕೇಳಿದರು. ನಮ್ಮಪ್ಪ ಕಾರ್ಖಾನೆಯಲ್ಲಿ ಫಿಟರ್. ಓವರ್‌ಟೈಮ್ ಮಾಡಿ ಮೆಜೆಸ್ಟಿಕ್ ಹತ್ತಿರದ ಫಾರಿನ್ ಸಾಮಾನಿನ ಅಂಗಡಿಯಿಂದ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಟೂ-ಇನ್-ಒನ್ ತಂದಿದ್ದರು. ಸಿಲೋನ್ ಸ್ಟೇಷನ್ ಹುಡುಕುತ್ತ ಮುಳ್ಳು ತಿರುಗಿಸುವಾಗ ಒಂದು ಸಂಜೆ ಯಾವಳೋ ಹೆಂಗಸು ಹಾಡುತ್ತಿರುವುದು ಕೇಳಿಸಿತು. ಅಳು ಬಂದರೂ ಅಳಬಾರದೆಂದು ಹಟ ಹಿಡಿದವಳ ಗಂಟಲು. ಭಾಷೆ ಗೊತ್ತಿಲ್ಲ, ಹಟ ಮಾತ್ರ ಚೆನ್ನಾಗಿ ಗೊತ್ತಾಯಿತು. ಹಾಡು ಮುಗಿದ ಮೇಲೆ ಇಂಗ್ಲಿಷಿನಲ್ಲಿ ಟೋಕಿಯೋ ಎಂದರು. ಪಕ್ಕದಲ್ಲೇ ಸ್ವಲ್ಪ ಸರಿಸಿದರೆ ಸಿಯೋಲ್. ಒಲಿಂಪಿಕ್ಸ್ ಅಲ್ಲಿ ನಡೆಯಲು ಇನ್ನೂ ಸಮಯವಿತ್ತು, ಕೊರಿಯಾ ಎಂದರೆ ನಮ್ಮ ಬೀದಿಯಲ್ಲಿ ಯಾರಿಗೂ ದಿಕ್ಕು ಗೊತ್ತಿರಲಿಲ್ಲ. ನನಗಂತೂ ಸಂಜೆ ಏಳಾದರೆ ಬೇರೆ ದಿಕ್ಕೇ ಇರಲಿಲ್ಲ.

ಕಾರ್ಯಕ್ರಮ ನಡೆಸಲು ಒಂದು ನಿಯಮ ಹಾಕಿದರು. ಸಾಂಸ್ಕೃತಿಕ ಸಂಘದ ಉಸ್ತುವಾರಿ ಅನಂತರಾಮಯ್ಯ ಮೇಷ್ಟ್ರದು. ಇತಿಹಾಸ ಪಾಠ ಮಾಡುತ್ತಿದ್ದರು. "ಹೆಣ್ಮಗಳು ಮೈಕ್ ಮುಂದೆ ನೇರವಾಗಿ ಮಾತಾಡೋದು ಬೇಡಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಮನೇಲೇ ರೆಕಾರ್ಡ್ ಮಾಡಿ ಬುಧವಾರ ತಂದ್ಕೊಡು. ನಾನು ಕೇಳಿ ಪಾಸ್ ಮಾಡ್ತೀನಿ." ಹುಡುಗರಿಗೆ ಪಾಸು ಬೇಕಿರಲಿಲ್ಲ. ಅವರಿಂದ ಹೆಚ್ಚೂ ಆಗುತ್ತಿರಲಿಲ್ಲ, ಕಮ್ಮಿಯೂ ಆಗುತ್ತಿರಲಿಲ್ಲ ಎಂದು ಕಾಣುತ್ತದೆ. ಪಾಸಾದ ಕ್ಯಾಸೆಟ್ಟು ಆಮೇಲೆ ಮೇಷ್ಟ್ರ ಬೀರುವಿನಲ್ಲೇ ಇರಬೇಕು, ಅದೂ ನಿಯಮ.

ಹಾಗಾಗಿ ನನ್ನ ಸ್ಟುಡಿಯೋ ನಮ್ಮ ಮನೆಯ ನಡುಕೋಣೆ. ಮಾಗಡಿ ರಸ್ತೆಯ ಹತ್ತಿರದ ಮನೆ, ಹಿಂದಿನ ಬೀದಿಯಲ್ಲಿ ಲೇತ್ ಶೆಡ್ಡು. ಶೆಡ್ಡಿನ ಸದ್ದು ನಿಂತ ಮೇಲೆ ಕೆಲಸ ಶುರು. ಟ್ಯೂಬ್‌ಲೈಟ್ ಹಾಕಿದರೆ ಶಾರ್ಟ್‌ವೇವಿನಲ್ಲಿ ಗುಂಯ್ ಎನ್ನುತ್ತಿತ್ತು, ಮಿಕ್ಸಿ ಹಾಕಿದರೆ ಟೋಕಿಯೋ ಮುಳುಗಿಯೇ ಹೋಗುತ್ತಿತ್ತು. ಆದ್ದರಿಂದ ಅಷ್ಟು ಹೊತ್ತೂ ಮನೆಯಲ್ಲಿ ಲೈಟಿಲ್ಲ, ಚಟ್ನಿಯಿಲ್ಲ. ಅಪ್ಪ ಗೊಣಗಿಕೊಂಡು ಜಗಲಿಗೆ ಹೋಗುತ್ತಿದ್ದರು. ಅಮ್ಮ ನನ್ನ ಎದುರು ಗೋಡೆಗೆ ಒರಗಿ ಕತ್ತಲಲ್ಲೇ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಸಿಯೋಲಿನವನು ಇಂಗ್ಲಿಷಿನಲ್ಲಿ ಹಾಡಿನ ಹೆಸರು, ಅರ್ಥ ಹೇಳುತ್ತಿದ್ದ. ನಾನು ಹಾಡು ಹಿಡಿದುಕೊಂಡು, ಮುಗಿದ ತಕ್ಷಣ ರೇಡಿಯೋ ಆರಿಸಿ, ಅದೇ ಪೆಟ್ಟಿಗೆಯ ಮೈಕಿಗೆ ಬಾಯಿಟ್ಟು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಲೋಕದ ರೇಡಿಯೋಗಳಲ್ಲೆಲ್ಲ ಪರಿಚಯ ಮೊದಲು, ಹಾಡು ಆಮೇಲೆ. ನನ್ನದರಲ್ಲಿ ಹಾಡು ಮೊದಲು, ಪರಿಚಯ ಆಮೇಲೆ. 'ಶ್ರೋತೃ ಬಾಂಧವರೇ' ಎಂದು ಎಷ್ಟು ಗಂಭೀರವಾಗಿ ಹೇಳುತ್ತಿದ್ದೆನೆಂದರೆ, ಈಗ ನೆನೆಸಿಕೊಂಡರೆ ನಾನೇ ಎದ್ದು ಒಳಗೆ ಹೋಗೋಣ ಅನ್ನಿಸುತ್ತದೆ.

ಒಮ್ಮೆ ಕೊರಿಯಾದ ಒಂದು ಹಾಡು ಬಂತು. ಬಂದರಿನಲ್ಲಿ ಹಡಗಿಗೆ ಕಾಯುವವಳ ಹಾಡು ಎಂದು ಅವನು ಹೇಳಿದ. ಅಮ್ಮ ಅವರೆಕಾಯಿ ಬಿಟ್ಟು ಕೇಳಿ, "ಹಡಗೂ ಇಲ್ಲ ಏನೂ ಇಲ್ಲ. ತವರುಮನೆ ನೆನೆಸ್ಕೊಂಡು ಹಾಡ್ತಿದ್ದಾಳೆ ಕಣೇ" ಎಂದಳು.

"ಅವ್ನೇ ಹೇಳಿದ್ನಲ್ಲಮ್ಮ."

"ಅವ್ನು ಗಂಡಸು, ಅವ್ನಿಗೇನು ಗೊತ್ತು?"

ಕಾಲೇಜಿನಲ್ಲಿ ಸ್ವಾಗತ ಹೇಗಿತ್ತೆಂದರೆ, ಮೊದಲ ಗುರುವಾರ ಹಾಡು ಶುರುವಾಗುತ್ತಲೇ ಹೊಂಗೆ ಮರದ ಕೆಳಗಿನಿಂದ ಒಬ್ಬ ಕೂಗಿದ. "ಗುರು, ರೇಡಿಯೋ ಕೆಟ್ಟೋಗಿದೆ ಕಣೋ, ಯಾರಾದ್ರೂ ಬಂದು ಎರಡು ಬಡೀರೋ." ಕ್ಯಾಂಟೀನಿನಲ್ಲಿ ಕಣ್ಣಿನ ತುದಿ ಎಳೆದು ತೋರಿಸುವವರು, 'ಚಿಂಗ್ ಚಾಂಗ್' ಎನ್ನುವವರು. ಅವರಲ್ಲಿ ಅರ್ಧ ಜನದ ಕೈಯಲ್ಲಿ ಜಪಾನಿನ ಗಡಿಯಾರ. ಅದನ್ನು ಕಟ್ಟಿಕೊಂಡ ದಿನ ಮಾತ್ರ ತೋಳು ಮಡಿಸಿಕೊಂಡು ಬರುವ ಗಂಡುಗಳು. ಜಪಾನಿನ ಗಡಿಯಾರ ಬೇಕು, ಛತ್ರಿ ಬೇಕು, ಟೇಪ್ ರೆಕಾರ್ಡರ್ ಬೇಕು, ಅದನ್ನೆಲ್ಲ ಮಾಡಿದ ಮನುಷ್ಯರಿಗೆ ಗಂಟಲಿದೆ ಎಂದರೆ ನಗು. ನನಗೆ ಆಗ ಬಂದ ಸಿಟ್ಟು ಈಗಲೂ ಆರಿಲ್ಲ. ಆದರೂ ಎರಡು ತಿಂಗಳು ಕಳೆಯುವ ಹೊತ್ತಿಗೆ ಅದೇ 'ಬಡೀರೋ' ಗುರು ಸೈಕಲ್ ಬೀಗ ತೆಗೆಯುತ್ತ ನನ್ನ ಟೋಕಿಯೋ ಹಾಡೊಂದನ್ನು ಸಿಳ್ಳೆಯಲ್ಲಿ ಹಾಕುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಿಬಿಟ್ಟ.

ಮೇಷ್ಟ್ರು ಮಾತ್ರ ಕರಗಲಿಲ್ಲ. "ಕನ್ನಡದ ನೆಲದಲ್ಲಿ ಇದೆಲ್ಲ ಯಾಕಮ್ಮ?" ಎನ್ನುತ್ತಿದ್ದರು. ವಾರವಿಡೀ ಆ ಸ್ಪೀಕರಿನಲ್ಲಿ ಕನ್ನಡ ಕೇಳಿಸುತ್ತಿದ್ದುದು ಗುರುವಾರ ಒಂದೇ ದಿನ, ಅದೂ ನನ್ನ ಬಾಯಿಂದ. ಇದನ್ನು ಅವರಿಗೆ ಹೇಳಲಿಲ್ಲ. ಮೇಷ್ಟ್ರಿಗೆ ಎದುರುತ್ತರ ಕೊಡುವುದು ಆಗ ನಮಗೆ ಗೊತ್ತಿರಲಿಲ್ಲ.

ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತಿದ್ದವು, ನಿಮಗೆ ನೆನಪಿರಬಹುದು. ನಾವು ಅದನ್ನು ಕಿವಿ ಎನ್ನುತ್ತಿದ್ದೆವು. ಕಿವಿ ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ನನ್ನ ಪ್ರತಿ ಕ್ಯಾಸೆಟ್ಟಿನ ಕಿವಿಯನ್ನೂ ಹೇರ್‌ಪಿನ್ನಿನಿಂದ ಎಬ್ಬಿಸಿ ಮುರಿದಿದ್ದೆ. ಇದನ್ನು ಯಾರೂ ಅಳಿಸಕೂಡದು ಎಂದು ಹೇಳಲು ಅದಕ್ಕಿಂತ ಸ್ಪಷ್ಟವಾದ ಭಾಷೆ ಇರಲಿಲ್ಲ. ಇನ್ನೊಂದು ಪ್ರತಿ ಇಟ್ಟುಕೊಳ್ಳೋಣವೆಂದರೆ ಮನೆಯಲ್ಲಿ ಇದ್ದದ್ದು ಒಂದೇ ಪೆಟ್ಟಿಗೆ.

ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಅರುವತ್ತು ತುಂಬಿತು. ಒಂದು ಭಾನುವಾರ ಶಾಮಿಯಾನ ಹಾಕಿ, ಮೈಸೂರು ಪೇಟ ತೊಡಿಸಿ ಸನ್ಮಾನ. ಭಾಷಣದ ಮೇಲೆ ಭಾಷಣ. ಸೋಮವಾರ ಕಾಲೇಜಿಗೆ ಹೋದರೆ ಬೀರುವಿನಲ್ಲಿ ನನ್ನ ಕ್ಯಾಸೆಟ್ಟುಗಳೆಲ್ಲ ಸಾಲಾಗಿ ಇದ್ದವು. ಪ್ರತಿಯೊಂದರ ಮೇಲೂ 'ಅಭಿನಂದನಾ ಸಮಾರಂಭ' ಎಂದು ಹೊಸ ಚೀಟಿ.

"ಸಾರ್, ನನ್ನ ಕ್ಯಾಸೆಟ್ಟು..."

"ಓ, ಅದಾ. ಭಾನುವಾರ ನೋಡಮ್ಮ, ಅಂಗಡಿ ಎಲ್ಲಾ ಬಾಗಿಲು ಹಾಕಿತ್ತು. ಅಧ್ಯಕ್ಷರ ಕಾರ್ಯಕ್ರಮ, ನಿಲ್ಸೋಕಾಗತ್ತಾ? ನಿನ್ನವು ಇದ್ವಲ್ಲ, ಉಪಯೋಗಕ್ಕೆ ಬಂದ್ವು."

"ಕಿವಿ ಮುರಿದಿತ್ತಲ್ಲ ಸಾರ್."

"ಹೌದು, ನೋಡ್ದೆ. ಅದಕ್ಕೇ ಆ ತೂತಿಗೆ ಸೆಲೋಟೇಪ್ ಹಾಕ್ದೆ, ಮುಚ್ಚಿದ್ರೆ ಮತ್ತೆ ರೆಕಾರ್ಡ್ ಆಗತ್ತೆ. ಒಂದೊಂದಕ್ಕೂ ಅಳತೆಗೆ ಕತ್ತರಿಸಿ ಹಾಕಿದೀನಿ. ನೋಡಿಲ್ಲಿ, ಎಷ್ಟು ನೀಟಾಗಿ ಕೂತಿದೆ."

ತೋರಿಸಿದರು. ನಿಜಕ್ಕೂ ನೀಟಾಗಿತ್ತು. ಅದೇ ನನಗೆ ತಡೆಯಲಾಗದ್ದು. ತಿಳಿಯದೆ ಅಳಿಸಿದ್ದರೆ ಎಂದೋ ಮರೆತಿರುತ್ತಿದ್ದೆ. ಬೇಡ ಎಂದು ಮುರಿದಿಟ್ಟ ಜಾಗವನ್ನು ಕಣ್ಣಾರೆ ನೋಡಿ, ಕತ್ತರಿ ತರಿಸಿ, ಶ್ರದ್ಧೆಯಿಂದ ಮುಚ್ಚಿ ಅಳಿಸಿದರಲ್ಲ. ನನ್ನ ಕಣ್ಣಲ್ಲಿ ನೀರು ನೋಡಿ ಅವರಿಗೆ ಆಶ್ಚರ್ಯವಾಯಿತು.

"ಅಳೋದ್ಯಾಕಮ್ಮ? ನಮ್ಗೆ ಅರ್ಥ ಆಗದ ಹಾಡು. ಯಾರು ಕೇಳ್ತಿದ್ರು ಹೇಳು? ಹಿರಿಯರ ಮಾತು ನಾಲ್ಕು ಕಾಲ ಉಳೀಬೇಕು." ಆಮೇಲೆ ದೊಡ್ಡ ಮನಸ್ಸು ಮಾಡಿ ಒಂದು ಕ್ಯಾಸೆಟ್ ತೆಗೆದುಕೊಟ್ಟರು. "ಇದ್ರಲ್ಲಿ ಕೊನೇಲಿ ಬಂದ ವಂದನಾರ್ಪಣೆ ಅಷ್ಟೇ ಇರೋದು. ಬೇಕಾದ್ರೆ ನೀನಿಟ್ಕೋ."

ಮನೆಗೆ ತಂದು ಒಂದು ನಿಮಿಷ ಹಾಕಿದೆ. ಶಾಮಿಯಾನದವರಿಗೆ, ಅಡುಗೆಯವರಿಗೆ, ಹೂವಿನವರಿಗೆ ವಂದನೆ ಸಲ್ಲಿಸಿ, 'ತಮ್ಮ ಸ್ವಂತ ಆಸಕ್ತಿಯಿಂದ ಧ್ವನಿಸುರುಳಿಗಳನ್ನು ಒದಗಿಸಿದ ಅನಂತರಾಮಯ್ಯನವರಿಗೆ' ಎಂದಾಗ ಆರಿಸಿದೆ. ಮತ್ತೆಂದೂ ಹಾಕಲಿಲ್ಲ, ಬಿಸಾಡಲೂ ಇಲ್ಲ. ಗುರುವಾರದ ಕಾರ್ಯಕ್ರಮವನ್ನೂ ಮತ್ತೆ ಮಾಡಲಿಲ್ಲ. ಅಮ್ಮ ಒಂದೆರಡು ವಾರ ಏಳು ಗಂಟೆಗೆ ಟ್ಯೂಬ್‌ಲೈಟಿನ ಸ್ವಿಚ್ ಹತ್ತಿರ ನಿಂತು ನನ್ನ ಮುಖ ನೋಡುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು.

ಆ 'ಯಾರು ಕೇಳ್ತಿದ್ರು' ಮಾತ್ರ ನನ್ನೊಳಗೆ ಉಳಿಯಿತು. ಮೇಷ್ಟ್ರು ಈಗಲೂ ಇದ್ದಾರೆ, ನಂದಿನಿ ಲೇಔಟಿನಲ್ಲಿ ಮಗನ ಮನೆಯಲ್ಲಿ. ಮದುವೆ ಮನೆಗಳಲ್ಲಿ ಸಿಗುತ್ತಾರೆ. "ನೀನು ರೇಡಿಯೋ ಹುಡುಗಿ ಅಲ್ವೇನಮ್ಮ" ಎಂದು ನಗುತ್ತಾರೆ. ನಾನು ಪ್ರತಿ ಸಲವೂ ಕೈ ಮುಗಿದು "ಚೆನ್ನಾಗಿದೀರಾ ಸಾರ್" ಎಂದು ಬಂದಿದ್ದೇನೆ. ಸಿಟ್ಟು ಎಷ್ಟಿದ್ದರೂ ಕೈ ಮಾತ್ರ ತಾನಾಗಿ ಮುಗಿಯುತ್ತದೆ. ಸಿಟ್ಟು ಹೆಚ್ಚಾಗುತ್ತಿದ್ದುದು ಇನ್ನೊಂದು ಕಾರಣಕ್ಕೆ. ಅವರು ಹೇಳಿದ್ದೇ ನಿಜವಿರಬಹುದೇ, ಯಾರೂ ಕೇಳದ ಗಲಾಟೆಗೆ ನಾನು ಇಷ್ಟು ವರ್ಷ ಸೂತಕ ಹಿಡಿದಿದ್ದೇನೆಯೇ ಎಂಬ ಅನುಮಾನ ಪೂರ್ತಿ ಹೋಗಿರಲೇ ಇಲ್ಲ.

ಇಷ್ಟನ್ನೂ ಮಾನ್ಯಳಿಗೆ ಹೇಳಿದೆ. ಅವಳು ಪೋಸ್ಟರ್ ಮರೆತಳು. "ಚಿಕ್ಕಜ್ಜಿ, ನೀವು ಆಗ್ಲೇ ಕೊರಿಯನ್ ಕೇಳ್ತಿದ್ರಾ? ಆ ಕ್ಯಾಸೆಟ್ ತೋರ್ಸಿ." ನಮ್ಮ ಭಾವ ಇವತ್ತಿಗೂ ದೇವರನಾಮವನ್ನು ಕ್ಯಾಸೆಟ್ಟಿನಲ್ಲೇ ಕೇಳುವ ಪುಣ್ಯಾತ್ಮರು. ಮಾರನೆಯ ದಿನ ಅವಳು ಮಹಾಲಕ್ಷ್ಮಿ ಲೇಔಟಿಗೆ ಹೋಗಿ ತಾತನ ಟೇಪ್ ರೆಕಾರ್ಡರ್ ಹೊತ್ತು ತಂದಳು. ವಂದನಾರ್ಪಣೆ ಶುರುವಾಯಿತು. ನಾನು ಅಡುಗೆಮನೆಗೆ ಎದ್ದು ಹೋದೆ. ಅವಳು ಹೋಗಲಿಲ್ಲ. ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ ಎನ್ನುವವರು ಆ ವಂದನಾರ್ಪಣೆಯನ್ನು ಒಮ್ಮೆ ಕೇಳಿ ನೋಡಲಿ. ಅವಳು ಪೂರ್ತಿ ಕೇಳಿದಳು. ಚಪ್ಪಾಳೆ, ಟಕ್ ಎಂಬ ಸದ್ದು. ಆಮೇಲೆ ಅವಳು ಕೂಗಿದಳು. "ಚಿಕ್ಕಜ್ಜಿ, ಬೇಗ ಬನ್ನಿ ಇಲ್ಲಿ."

ಭಾಷಣ ಮುಗಿದರೂ ಸುರುಳಿ ಮುಗಿದಿರಲಿಲ್ಲ. ಮೇಷ್ಟ್ರಿಗೆ ಅಳಿಸಲು ಮಾತು ಸಾಲದೆ ಹೋಗಿತ್ತು. ಆ ಹಡಗಿನವಳು, ಅಲ್ಲ, ತವರುಮನೆಯವಳು, ಕೊನೆಯ ಸಾಲು ಹಾಡುತ್ತಿದ್ದಳು. ಹಾಡು ನಿಂತಿತು. ಒಬ್ಬ ಹುಡುಗಿ ಮಾತನಾಡಿದಳು. "ಶ್ರೋತೃ ಬಾಂಧವರೇ, ಇದು ಕೊರಿಯಾದ ಬಂದರಿನ ಹಾಡು ಎಂದು ಅವರು ಹೇಳುತ್ತಾರೆ. ತವರುಮನೆಯ ಹಾಡು ಎಂದು ನಮ್ಮಮ್ಮ ಹೇಳುತ್ತಾರೆ. ನಿಮಗೆ ಏನು ಅನ್ನಿಸಿತೋ ಅದೇ ಸರಿ." ನಡುಕವಿಲ್ಲದ, ತಿಳಿಯಾದ ದನಿ. ನಾನು ಇಷ್ಟು ವರ್ಷ ನಾಚಿಕೊಂಡ ಗಾಂಭೀರ್ಯ ಅದರಲ್ಲಿ ಇರಲೇ ಇಲ್ಲ. ಆ ಹುಡುಗಿ ಚೆನ್ನಾಗಿದ್ದಳು. ನಿಜವಾಗಿ ಚೆನ್ನಾಗಿದ್ದಳು.

ಮುಗಿಯಿತೆಂದುಕೊಂಡೆ. ಅವತ್ತು ರೆಕಾರ್ಡಿನ ಗುಂಡಿ ಆರಿಸಲು ಮರೆತಿದ್ದೆನೇನೋ, ಪೆಟ್ಟಿಗೆಯೊಳಗೆ ಅವರೆಕಾಯಿ ಸಿಪ್ಪೆಯ ಸದ್ದು ಕೇಳಿಸಿತು. ಆಮೇಲೆ ಅಮ್ಮ.

"ಲೈಟ್ ಹಾಕ್ಲೇನೇ?"

"ತಡಿಯಮ್ಮ, ಇನ್ನೊಂದು ಹಾಡಿರ್ಬೋದು."

"ಆಗ್ಲಿ, ಹಿಡ್ಕೋ. ಚೆನ್ನಾಗಿ ಬರ್ತಿದೆ ಇವತ್ತು."

ಅಷ್ಟೇ, ಸುರುಳಿ ನಿಂತಿತು. ಅಮ್ಮ ಹೋಗಿ ಬಹಳ ವರ್ಷವಾಯಿತು. ಅವಳ ಫೋಟೋಗಳಿವೆ, ದನಿ ಎಲ್ಲೂ ಇಲ್ಲ ಎಂದುಕೊಂಡಿದ್ದೆ. ಯಾರು ಕೇಳುತ್ತಿದ್ದರು ಎಂದರೆ, ಇವಳು ಕೇಳುತ್ತಿದ್ದಳು. ಪ್ರತಿ ವಾರ, ಕತ್ತಲಲ್ಲಿ ಕೂತು.

ಇನ್ನು ಸಿಟ್ಟು ಇಳಿಯಿತು, ಕಣ್ಣು ತುಂಬಿ ಬಂತು, ಎಲ್ಲರನ್ನೂ ಕ್ಷಮಿಸಿದೆ ಎಂದು ಹೇಳುತ್ತೇನೆಂದು ಕಾಯುತ್ತಿದ್ದರೆ ಬೇರೆಯವರ ಮನೆಗೆ ಹೋಗಿ. ನನಗೆ ಎಂದೂ ಇಲ್ಲದಷ್ಟು ಸಿಟ್ಟು ಬಂತು. ಬೀರುವಿನಲ್ಲಿ ಸಾಲಾಗಿದ್ದ ಉಳಿದ ಕ್ಯಾಸೆಟ್ಟುಗಳಲ್ಲಿ ಇವಳು ಎಷ್ಟು ಸಲ ಮಾತನಾಡಿದ್ದಳೋ. ಅದರ ಮೇಲೆಲ್ಲ ಅಧ್ಯಕ್ಷರ ಬಾಲ್ಯ, ಅಧ್ಯಕ್ಷರ ದಾನ, ಅಧ್ಯಕ್ಷರ ಸರಳತೆ. ಆದರೆ ಈ ಸಿಟ್ಟಿನಲ್ಲಿ ಹಳೆಯ ಅನುಮಾನ ಬೆರೆತಿರಲಿಲ್ಲ.

ಕ್ಯಾಸೆಟ್ಟನ್ನು ಹೊರಗೆ ತೆಗೆದು ಮೇಷ್ಟ್ರ ಸೆಲೋಟೇಪನ್ನು ಉಗುರಿನಿಂದ ಕೆರೆದೆ. ಹಳದಿಯಾಗಿ ಹಪ್ಪಳದಂತೆ ಒಣಗಿದ್ದರೂ ಬಿಡಲೊಲ್ಲದು. ಮಾನ್ಯ ಸೇಫ್ಟಿಪಿನ್ ತಂದುಕೊಟ್ಟಳು, ಕೊನೆಗೆ ಬಂತು. ಅವಳ ಪೋಸ್ಟರನ್ನು ಮೈದಾ ಗೋಂದು ಕುದಿಸಿ ಇಬ್ಬರೂ ಸೇರಿ ಗೋಡೆಗೆ ಹಚ್ಚಿದೆವು.

ನಾಳೆ ಭಾನುವಾರ. ಟೇಪ್ ರೆಕಾರ್ಡರ್ ತೆಗೆದುಕೊಂಡು ನಂದಿನಿ ಲೇಔಟಿಗೆ ಹೋಗುತ್ತಿದ್ದೇವೆ. ಬರುತ್ತೇನೆಂದು ಮೇಷ್ಟ್ರ ಮಗನಿಗೆ ಫೋನ್ ಮಾಡಿ ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಈ ಸಲ ಕೈ ಮುಗಿಯುವುದಿಲ್ಲ, ಎರಡು ಕೈಯಲ್ಲೂ ಪೆಟ್ಟಿಗೆ ಇರುತ್ತದೆ.

"ಅವ್ರು ಸಾರಿ ಹೇಳ್ತಾರಾ ಚಿಕ್ಕಜ್ಜಿ?" ಎಂದು ಮಾನ್ಯ ಕೇಳಿದಳು.

"ಸಾರಿ ಯಾರಿಗೆ ಬೇಕು? ಕೂತು ಕೇಳ್ಲಿ. ಆ ವಂದನಾರ್ಪಣೆಯಿಂದ ಹಿಡಿದು ಕೊನೇವರೆಗೂ. ಟ್ಯೂಬ್‌ಲೈಟ್ ಆರಿಸ್ಕೊಂಡು."