ರೆಪ್ಪೆ ಅಗಲಿಸುವ ಕಾಂಪೌಂಡರು

ಕೆ. ಹೊಸಕೋಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಸಾಕು, ಅಲ್ಲಿನ ಡಿಸ್ಪೆನ್ಸರಿಯ ಕಾಂಪೌಂಡರ್ ಈರೇಗೌಡರ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಳ್ಳುತ್ತಿತ್ತು. ನಗುವೆಲ್ಲ ಭಂಗಿಯ ಅಮಲೆಂದೇ ಅವರ ಲೆಕ್ಕ; ಕೆಮ್ಮೆಂದು ಬಂದವರದ್ದೂ ಮೊದಲು ರೆಪ್ಪೆ ಅಗಲಿಸಿ ಕಣ್ಣಲ್ಲಿ ಭಂಗಿ ಸೇದಿದ ಕೆಂಪು ಹುಡುಕುವರು. "ಮಿದುಳ್ನಾಗೆ ಖುಷಿಗೆ ಒಂದು ಬೀಗ ಐತೆ ಕಣೋ, ಭಂಗಿ ಸೊಪ್ಪೇ ಅದ್ರ ಕೀಲಿ" ಎನ್ನುವುದು ಆಲೂರಿನ ಡಾಕ್ಟರಿಂದ ಅರ್ಧ ಕೇಳಿ ಕಲಿತ ಅವರ ನಿತ್ಯದ ಮಂತ್ರ. ಎಲ್ಲರಿಗಿಂತ ಹೆಚ್ಚಿನ ಗುಮಾನಿ ಮೆಣಸು ಕೊಯ್ಯುವ ಬೋರಯ್ಯನ ಮೇಲೆ. ಏಣಿಯ ತುದಿಯಿಂದ ಅವನಾಡಿದ ಮಾತಿಗೆ ಈರೇಗೌಡರ ಹೆಂಡತಿ ಚೆಲುವಮ್ಮನೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ವಾರಕ್ಕೆರಡು ಸಲ ನೋಡಿದರೂ ಅವನ ಕಣ್ಣು ಹಾಲಿನಷ್ಟು ಬಿಳುಪು. "ಎಲ್ ಬಚ್ಚಿಟ್ಟಿದ್ದೀಯೋ ಮಾರಾಯ?" ಎಂದರೆ ಅದಕ್ಕೂ ನಗುವನು. ಕೊನೆಗೆ ಈರೇಗೌಡರು ಬೋರಯ್ಯನ ಮೇಲೆ ಡಾಕ್ಟರಿಗೇ ದೂರು ಕೊಟ್ಟರು. "ಆ ಬೀಗ ಇರೋದು ಭಂಗಿಗೆ ಅಂತಲ್ಲ ಕಣ್ರೀ. ಅದಕ್ಕೆ ಹೊಂದೋ ಕೀಲಿನ ಮೈಯೇ ಮಾಡ್ಕೊಳುತ್ತೆ, ಎಲ್ಲರ ಮೈಯಲ್ಲೂ. ಭಂಗಿ ಬರೀ ಕಳ್ಳಕೀಲಿ" ಎಂದರು ಡಾಕ್ಟರು. "ಎಲ್ಲಾರ ಮೈನಾಗೂವಾ?" ಎಂದು ಎರಡೆರಡು ಸಲ ಕೇಳಿದ ಈರೇಗೌಡರು, ಅಂದು ಡಿಸ್ಪೆನ್ಸರಿಯ ಬಾಗಿಲು ಹಾಕಿಕೊಂಡು, ಕನ್ನಡಿಯೆದುರು ನಿಂತು ತಮ್ಮದೇ ರೆಪ್ಪೆ ಅಗಲಿಸಿ ಆ ಕೀಲಿಯ ಗುರುತು ಹುಡುಕಿದರು. ಆ ಕಣ್ಣೂ ಬೋರಯ್ಯನದಷ್ಟೇ ಬಿಳುಪಾಗಿತ್ತು.